ಗುರುತು ಹಾಕಿ ಕೊಟ್ಟ ವೈಫೈ ಡಬ್ಬಿ

ನಮ್ಮ ಮನೆಯಲ್ಲಿ ಉಗುರಿಗೆ ಹಚ್ಚುವ ಬಣ್ಣದ ಬಾಟಲಿ ಇರುವುದು ಕನ್ನಡಿಯ ಮುಂದಲ್ಲ; ಸ್ಕ್ರೂಡ್ರೈವರ್, ಇಕ್ಕಳ, ಫ್ಯೂಸ್ ತಂತಿಯ ಸುರುಳಿ ಇರುವ ತಗಡಿನ ಡಬ್ಬಿಯಲ್ಲಿ. ಐವತ್ತು ದಾಟಿದ ಟೀಚರಮ್ಮನಿಗೆ ಇದೆಂಥ ಶೋಕಿ ಎಂದು ನೀವು ನಗುವ ಮೊದಲೇ ಹೇಳಿಬಿಡುತ್ತೇನೆ, ಅದು ಉಗುರಿಗಲ್ಲ, ರಿಪೇರಿಗೆ ಕೊಡುವ ಸಾಮಾನಿಗೆ. ಮಿಕ್ಸರ್ ಆಗಲಿ, ಫ್ಯಾನ್ ಆಗಲಿ, ಅಂಗಡಿಯವನ ಕೈಗೆ ಕೊಡುವ ಮುಂಚೆ ಮನೆಯಲ್ಲೇ ಬಿಚ್ಚಿ ಒಳಗಿನ ಭಾಗಗಳಿಗೆ ಒಂದೊಂದು ಚುಕ್ಕಿ ಇಡುತ್ತೇನೆ. ನಮ್ಮದನ್ನು ತೆಗೆದುಕೊಂಡು ಯಾವುದೋ ಹಳೆಯದನ್ನು ಕೂರಿಸಿ ಕೊಟ್ಟರೆ ಗೊತ್ತಾಗುವುದು ಹೇಗೆ? ಇಲ್ಲಿಯವರೆಗೆ ಯಾರೂ ಹಾಗೆ ಮಾಡಿ ಸಿಕ್ಕಿಬಿದ್ದಿಲ್ಲ. ಅದು ನನ್ನ ಚುಕ್ಕಿಯ ಪ್ರಭಾವ ಎಂದೇ ತಿಳಿದಿದ್ದೇನೆ.

ಇದು ಅಪ್ಪನಿಂದ ಬಂದದ್ದು. ಹೊಲ ಬರಲಿಲ್ಲ, ಬಂಗಾರ ಬರಲಿಲ್ಲ, ಅನುಮಾನವೊಂದು ಮಾತ್ರ ಇಡಿಯಾಗಿ ನನ್ನ ಪಾಲಿಗೆ ಬಂತು. ಅಪ್ಪ ಸಿಂಧನೂರಿನ ಕಾಲುವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಗಿರಣಿಗೆ ಹೋದರೆ ನಮ್ಮ ಜೋಳ ಒಳಗೆ ಬಿದ್ದಲ್ಲಿಂದ ಹಿಡಿದು ಹಿಟ್ಟು ಡಬ್ಬಿಗೆ ಬರುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಮನೆಗೆ ಬರುವಾಗ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿರುತ್ತಿದ್ದವು. ಅಂಗಿ ಹೊಲಿಸಲು ಕೊಟ್ಟರೆ ಬಟ್ಟೆ ಕತ್ತರಿಸುವುದನ್ನು ಎದುರಿಗೆ ಕೂತು ನೋಡಬೇಕು. ಇನ್ನು ರೇಡಿಯೋ ಕೆಟ್ಟಿತೆಂದರೆ ಅದೊಂದು ದೊಡ್ಡ ಸಮಾರಂಭ. ಎತ್ತಿನ ಕೋಡಿಗೆ ಬಳಿಯುವ ಕೆಂಪು ವಾರ್ನಿಸ್ ತಂದು, ರೇಡಿಯೋ ಬಿಚ್ಚಿ, ಬೆಂಕಿಕಡ್ಡಿಯ ತುದಿಯಿಂದ ಸ್ಪೀಕರಿಗೊಂದು, ಬಲ್ಬಿಗೊಂದು ಚುಕ್ಕಿ ಇಟ್ಟು, ಒಣಗಿದ ಮೇಲೆ ಒಯ್ದು ಕೊಡುತ್ತಿದ್ದರು. ತಿರುಗಿ ಬಂದಾಗ ಮತ್ತೆ ಬಿಚ್ಚಿ ಚುಕ್ಕಿಗಳನ್ನು ಎಣಿಸುವುದು. ಎಲ್ಲ ಸರಿಯಾಗಿದ್ದರೆ ಅಂದು ಮನೆಯಲ್ಲಿ ಹಬ್ಬದ ಕಳೆ.

ಹೀಗೆ ಬಹಳ ವರ್ಷ ನಡೆಯಿತು. ಒಂದು ದಿನ ರೇಡಿಯೋ ತರಲು ಹೋದ ಅಪ್ಪ ರಿಪೇರಿಯವನ ಬೆನ್ನ ಹಿಂದಿನ ಹಲಗೆಯ ಮೇಲೆ ಒಂದು ಬಾಟಲಿ ನೋಡಿದರು. ಅದೇ ಕೆಂಪು ವಾರ್ನಿಸ್. ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ. ಅವನ ಮನೆಯಲ್ಲಿ ಎತ್ತುಗಳು ಇದ್ದವೋ ಏನೋ, ಅಪ್ಪ ಕೇಳಲಿಲ್ಲ. ಮನೆಗೆ ಬಂದು ಚುಕ್ಕಿಗಳನ್ನು ಎರಡೆರಡು ಸಲ ಎಣಿಸಿ, ಕೊನೆಗೆ "ಇನ್ನ ಮ್ಯಾಲೆ ಹಸರ ಬಣ್ಣ" ಎಂದರು. ಅವ್ವ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತದೆ, "ಅವನ ಹತ್ರ ಹಸರು ಇರಂಗಿಲ್ಲೇನು?" ಎಂದಳು. ಅಪ್ಪ ಅಂದು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಅವ್ವನಿಗೆ ಈ ರೋಗ ಇರಲಿಲ್ಲ. ಯಾರು ಏನು ಕೇಳಿದರೂ ಕೊಡುತ್ತಿದ್ದಳು, ಯಾರಿಗೆ ಏನು ಕೊಟ್ಟೆ ಎಂಬುದನ್ನು ಮರೆಯುತ್ತಿದ್ದಳು. ನಾನು ಅವಳಂತಾಗಬಹುದಿತ್ತು ಎಂದು ಈಗ ಅನಿಸುತ್ತದೆ. ಆದರೆ ಅಪ್ಪನ ತಪ್ಪನ್ನು ತಿದ್ದಿ ಇನ್ನೂ ಜಾಣಳಾದೆ. ನನ್ನ ಬಾಟಲಿಯಲ್ಲಿರುವುದು ಬಣ್ಣವೇ ಇಲ್ಲದ ಬಣ್ಣ. ಹಚ್ಚಿದರೆ ಕಾಣುವುದಿಲ್ಲ, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಹೊಳೆಯುತ್ತದೆ. ಗುರುತು ಇದೆಯೆಂದೇ ಗೊತ್ತಾಗದಿದ್ದರೆ ಕಳ್ಳ ನಕಲು ಮಾಡುವುದಾದರೂ ಏನನ್ನು?

ಇಷ್ಟು ಪೀಠಿಕೆ ಸಾಕು. ನಾನಿರುವುದು ಮಸ್ಕಿಯಲ್ಲಿ. ಲಿಂಗಸುಗೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತೇನೆ. ಅಪ್ಪ, ಅವ್ವ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಕಾಂಪೌಂಡ್ ಗೋಡೆಯ ಆಚೆ ದೇವಮ್ಮನ ಮನೆ. ಬ್ಲೌಸ್ ಹೊಲಿಯುವವಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಬಿಸಿ ರೊಟ್ಟಿ, ಪುಂಡಿಪಲ್ಯ ಆ ಗೋಡೆಯ ಮೇಲಿಂದಲೇ ಬರುತ್ತಿತ್ತು. ಸಂಜೆಯ ನಮ್ಮ ಚಹಾ, ಓಣಿಯ ಸುದ್ದಿ ಎಲ್ಲ ಆ ಗೋಡೆಯ ಮೇಲೆಯೇ. ಹೊಲಿದು ಕೊಡುವಾಗ ಉಳಿದ ಚಿಂದಿಯನ್ನೂ ಚೀಲದಲ್ಲಿ ಹಾಕಿ ಕೊಡುತ್ತಿದ್ದಳು. ಇಷ್ಟೊಂದು ಪ್ರಾಮಾಣಿಕತೆ ಯಾತಕ್ಕಿರಬಹುದು ಎಂದು ನನಗೆ ಆಗಾಗ ಅನಿಸಿದ್ದುಂಟು, ನಿಮ್ಮಲ್ಲಿ ಯಾಕೆ ಮುಚ್ಚಿಡಲಿ.

ನಮ್ಮ ಹಜಾರದಲ್ಲಿ ಬುದ್ಧನ ಫೋಟೋದ ಕೆಳಗಿನ ಹಲಗೆಯ ಮೇಲೆ ವೈಫೈ ಡಬ್ಬಿ, ಅಂದರೆ ರೌಟರ್, ಇದೆ. ಒಂದು ಸಂಜೆ ಫೋನಿನಲ್ಲಿ ಏನೋ ಒತ್ತಲು ಹೋಗಿ ಅದರ ಸೆಟ್ಟಿಂಗ್ ಪುಟಕ್ಕೆ ಬಂದೆ. ಯಾರು ಯಾರು ನಮ್ಮ ವೈಫೈ ಉಪಯೋಗಿಸುತ್ತಿದ್ದಾರೆ ಎಂಬ ಪಟ್ಟಿ ಅಲ್ಲಿತ್ತು. ನನ್ನ ಫೋನು, ನನ್ನ ಟಿವಿ. ಮೂರನೆಯದರ ಹೆಸರಿನ ಜಾಗದಲ್ಲಿ ‘ಗೊತ್ತಿಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಮನೆಗೆ ಬೀಗ ಹಾಕಿ ನಾನು ಲಿಂಗಸುಗೂರಿನಲ್ಲಿರುವಾಗ ಇಲ್ಲಿ ಯಾರು? ಬಂದ ಹೊತ್ತು, ಹೋದ ಹೊತ್ತು ಕೂಡ ಪಟ್ಟಿಯಲ್ಲಿತ್ತು: ದಿನಾ ಬೆಳಿಗ್ಗೆ ಆರೂವರೆ ಸುಮಾರಿಗೆ ಬರುತ್ತದೆ, ಸಂಜೆ ಆರರ ಸುಮಾರಿಗೆ ಹೋಗುತ್ತದೆ. ದೇವಮ್ಮ ಮಿಷನ್ ಮುಂದೆ ಕೂರುವುದೂ, ಏಳುವುದೂ ಅದೇ ಹೊತ್ತಿಗೆ. ದೀಪದ ಬೆಳಕಿನಲ್ಲಿ ಅವಳಿಗೆ ಸೂಜಿಯ ಕಣ್ಣು ಕಾಣುವುದಿಲ್ಲ. ಮಿಷನ್ನಿನ ಪಕ್ಕದಲ್ಲಿ ಫೋನ್ ನಿಲ್ಲಿಸಿಕೊಂಡು ಬ್ಲೌಸಿನ ಹೊಸ ಡಿಜೈನ್‌ಗಳ ವಿಡಿಯೋ ನೋಡುತ್ತಾಳೆ. ಪಾಸ್‌ವರ್ಡನ್ನು ನಾನು ಒಮ್ಮೆ ಅವಳ ಎದುರಿಗೇ ಒತ್ತಿದ್ದೂ ನೆನಪಾಯಿತು.

ಪಾಸ್‌ವರ್ಡ್ ಬದಲಿಸಿದ್ದರೆ ಮುಗಿಯುತ್ತಿತ್ತು ಎನ್ನುತ್ತೀರಿ. ಅನುಮಾನದ ರುಚಿ ನಿಮಗೆ ಗೊತ್ತಿಲ್ಲ. ಸದ್ದಿಲ್ಲದೆ ಹೊರಗೆ ಹಾಕಿದರೆ ಕಳ್ಳನಿಗೆ ತಾನು ಸಿಕ್ಕಿಬಿದ್ದೆ ಎಂದು ತಿಳಿಯುವುದು ಹೇಗೆ? ಎದುರಿಗೆ ಕೇಳುವ ಧೈರ್ಯವೂ ನನಗಿಲ್ಲ. ಹಾಗಾಗಿ ನಮ್ಮ ವೈಫೈಯ ಹೆಸರನ್ನೇ ಬದಲಿಸಿದೆ. ಸುತ್ತ ಯಾರು ಫೋನ್ ತೆರೆದು ವೈಫೈ ಹುಡುಕಿದರೂ ಕಾಣುವಂತೆ, ‘ಕಳ್ಳರಿಗೆ ನಾಚಿಕೆ ಇಲ್ಲ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟೆ.

ಪರಿಣಾಮ ಮಾರನೆಯ ದಿನವೇ ಕಂಡಿತು. ಆ ಗುರುತಿಲ್ಲದ್ದು ಪಟ್ಟಿಯಲ್ಲಿ ಮತ್ತೆ ಬರಲೇ ಇಲ್ಲ. ಎರಡು ದಿನ ಬಿಟ್ಟು ಗೋಡೆಯ ಮೇಲೆ ರೊಟ್ಟಿಯೂ ಬರಲಿಲ್ಲ, ದೇವಮ್ಮನೂ ಬರಲಿಲ್ಲ. ಇದಕ್ಕಿಂತ ಸಾಕ್ಷಿ ಬೇಕೆ? ನಾನು ಒಬ್ಬಳೇ ಚಹಾ ಕುಡಿದೆ, ಗೆದ್ದವಳ ಹಾಗೆ. ಮೂರು ತಿಂಗಳು ಹಾಗೆ ಕುಡಿದೆ. ಮೊದಲ ವಾರ ಬಿಟ್ಟರೆ ಆ ಚಹಾ ರುಚಿಸಲಿಲ್ಲ.

ಆಮೇಲೆ ಓಣಿಯ ಯಾರೋ ಬಂದು, "ದೇವಮ್ಮ ಅಳಾಕತ್ತಿದ್ಲ್ರಿ. ಖರೇನ ಕದ್ದಿದ್ರ ಟೀಚರ್ ಸಾಬೀತು ಮಾಡಿ ತೋರಿಸ್ಲಿ ಅಂತಾಳ" ಎಂದರು. ತೋರಿಸೋಣ, ಅದಕ್ಕೇನು. ಹಳೆಯ ಪಟ್ಟಿಯ ಫೋಟೋ ತೆಗೆಯಲು ರೌಟರಿನ ಪುಟ ತೆರೆದೆ. ಮೊದಲು ಅಪ್‌ಡೇಟ್ ಮಾಡಿ, ನಡುವೆ ಬಂದ್ ಮಾಡಬೇಡಿ ಎಂದಿತು. ಒತ್ತಿದೆ. ದೀಪಗಳು ಪಟಪಟ ಮಿನುಗತೊಡಗಿದವು. ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷ. ಇಷ್ಟು ಹೊತ್ತು ನನ್ನ ಮನೆಯಲ್ಲಿ ಇದು ಯಾರಿಗೆ ಏನನ್ನು ಸಾಗಿಸುತ್ತಿದೆ? ನಡುವೆ ಬಂದ್ ಮಾಡಬೇಡಿ ಎಂದು ಇಷ್ಟು ಕಳಕಳಿಯಿಂದ ಹೇಳುವುದೇಕೆ? ಆರನೆಯ ನಿಮಿಷಕ್ಕೆ ತಡೆಯಲಾಗದೆ ಪ್ಲಗ್ ಕಿತ್ತೆ.

ಮತ್ತೆ ಹಾಕಿದಾಗ ಒಂದೇ ಒಂದು ಕೆಂಪು ದೀಪ ಹತ್ತಿತು. ಅಷ್ಟೇ. ಲಿಂಗಸುಗೂರಿನ ಮೊಬೈಲ್ ಅಂಗಡಿಯವರು ಹಿಂದೆ ಮುಂದೆ ತಿರುಗಿಸಿ, "ಸತ್ತೈತ್ರಿ ಮೇಡಂ. ಹೊಸದು ತಗೋರಿ. ಒಳಗಿಂದು ಏನರ ಬೇಕಾಗಿದ್ರ ಸಿಂಧನೂರಾಗ ಮೌಲಾಸಾಬ ಅಂತ ಅದಾರ, ಅವರ ಕಡೆ ಆದ್ರ ಆದೀತು" ಎಂದರು. ಹೊಸದು ನನಗೆ ಬೇಕಿರಲಿಲ್ಲ. ದೇವಮ್ಮ ಕಳ್ಳಿಯೋ ಅಲ್ಲವೋ ಎಂಬುದು ಆ ಡಬ್ಬಿಯೊಳಗೆ ಸಿಕ್ಕಿಕೊಂಡಿತ್ತು. ಭಾನುವಾರ ಬೆಳಿಗ್ಗೆ ಹೊರಡುವ ಮುಂಚೆ ಡಬ್ಬಿ ಬಿಚ್ಚಿದೆ. ಬಣ್ಣ ಒಣಗಿದೆಯೇನೋ ಎಂದು ಹೆಬ್ಬೆರಳಿನ ಉಗುರಿಗೆ ಒಮ್ಮೆ ಎಳೆದು ನೋಡಿ, ಒಳಗಿನ ಹಸಿರು ಹಲಗೆಯ ಮೇಲಿದ್ದ ದೊಡ್ಡ ಚಿಪ್‌ಗಳಿಗೆ ಚುಕ್ಕಿ ಇಟ್ಟೆ. ಅಂಚಿನಲ್ಲಿ ಏನನ್ನೂ ಕೂರಿಸದೆ ಖಾಲಿ ಬಿಟ್ಟ ನಾಲ್ಕು ಸಣ್ಣ ತೂತುಗಳ ಸಾಲಿತ್ತು. ಯಾರಿಗೂ ಬೇಡವಾದ ಜಾಗ. ಅಲ್ಲಿ ನನ್ನ ಸುಜಾತಾ ಎಂಬ ಹೆಸರಿನ ‘ಸು’ ಬರೆದೆ. ಒಂದರ ಮೇಲೊಂದು ಎರಡು ಸಲ ಬಳಿದೆ, ಗಟ್ಟಿಯಾಗಿರಲಿ ಎಂದು.

ಮಸ್ಕಿಯಿಂದ ಸಿಂಧನೂರಿನವರೆಗೆ ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದೇ ಕೂತಿದ್ದೆ. ಪಕ್ಕದಲ್ಲಿದ್ದ ಹೆಣ್ಣುಮಗಳು "ಏನೈತ್ರಿ ಅದರಾಗ?" ಎಂದು ಕೇಳಿದ್ದಕ್ಕೆ "ಬಳ್ಳೊಳ್ಳಿ" ಎಂದೆ.

ಮೌಲಾಸಾಬರ ಅಂಗಡಿ ಅಕ್ಕಿ ಗಿರಣಿಗಳ ಸಾಲಿನ ಹಿಂದಿನ ಗಲ್ಲಿಯಲ್ಲಿದೆ. ಬೋರ್ಡಿಲ್ಲ. ಗಿರಣಿಗಳಲ್ಲಿ ಅಕ್ಕಿಯ ಒಂದೊಂದು ಕಾಳನ್ನೂ ನೋಡಿ, ಬಣ್ಣ ಕೆಟ್ಟದ್ದನ್ನು ಗಾಳಿಯಿಂದ ಊದಿ ಆಚೆ ತಳ್ಳುವ ಯಂತ್ರಗಳಿರುತ್ತವಲ್ಲ, ಅವುಗಳ ಎಲೆಕ್ಟ್ರಾನಿಕ್ ಹಲಗೆಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಎದುರಿಗೆ ಬಂದ ಯಾವ ಕಾಳನ್ನೂ ನಂಬದ ಆ ಯಂತ್ರದ ಬಗ್ಗೆ ಕೇಳಿದಾಗ ನನಗೆ ಅಪ್ಪನ ನೆನಪಾಯಿತು. ಮೌಲಾಸಾಬರು ಅರವತ್ತರ ಆಸುಪಾಸಿನ ಮನುಷ್ಯ, ಬಿಳಿ ಟೋಪಿ, ಹಣೆಗೆ ಕಟ್ಟಿಕೊಂಡ ಭೂತಗನ್ನಡಿ. ಮಾತು ಮೆತ್ತಗೆ. ಮೆತ್ತಗೆ ಮಾತಾಡುವವರ ಮೇಲೆ ನನಗೆ ಒಂದು ಕೈ ಹೆಚ್ಚೇ ಅನುಮಾನ.

"ನಮ್ಮ ಲೈನದಾಗ ಇದಕ್ಕ ಇಟ್ಟಂಗಿ ಆತು, ಗ್ವಾಡಿ ಕಟ್ಟೂ ಇಟ್ಟಿಗಿಯಂಗ ಆತು ಅಂತೀವ್ರಿ" ಎಂದರು ಡಬ್ಬಿ ಬಿಚ್ಚುತ್ತ. "ಹೊರಗಿಂದ ನೋಡಿದ್ರ ಸತ್ತಂಗ. ಖರೇ ಅಂದ್ರ ಸತ್ತಿರಂಗಿಲ್ಲ. ಇಲ್ನೋಡ್ರಿ, ಈ ನಾಕು ತೂತು ಅದಾವಲ್ಲ, ಮಾಡಿದವ್ರು ತಮ್ಮ ಸಲುವಾಗಿ ಇಟ್ಕೊಂಡಿದ್ದು. ಸೀರಿಯಲ್ ಪೋರ್ಟ್. ಇದರ ಬಾಯಿ, ಕಿವಿ ಎಲ್ಲ ಇಲ್ಲೇ. ಡಬ್ಬಿ ಚಾಲೂ ಆದಾಗೊಮ್ಮೆ ನನಗ ಇಂಥಾದ್ದು ಆಗೈತಿ ಅಂತ ಇಲ್ಲಿ ಹೇಳ್ತಾನ ಇರತೈತಿ. ಕೇಳಾವ್ರು ಇರಂಗಿಲ್ಲ ಅಷ್ಟ."

ಯಾರಿಗೂ ಬೇಡವಾದ ಜಾಗ ಎಂದುಕೊಂಡದ್ದು ಅದೇ ನಾಲ್ಕು ತೂತುಗಳು. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ಮೌಲಾಸಾಬರು ತಂತಿ ಬೆಸೆಯಲು ಕೂತರು. ಮೂರೇ ತಂತಿ, ನಾಲ್ಕನೆಯ ತೂತು ಕರೆಂಟಿನದು, ಅದರ ತಂಟೆಗೆ ಹೋಗಬಾರದಂತೆ. ಬೆಸುಗೆ ಹಿಡಿಯಲಿಲ್ಲ. ಕರಗಿದ ಸೀಸ ಗುಂಡು ಗುಂಡಾಗಿ ಜಾರಿ ಮೇಜಿನ ಮೇಲೆ ಬೀಳುತ್ತಿತ್ತು. ತಂತಿಯನ್ನು ಕೈಯಿಂದ ಒತ್ತಿ ಹಿಡಿದು ನೋಡಿದರು. ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಒಂದಕ್ಷರವೂ ಬರಲಿಲ್ಲ. "ಮಾತಾಡವಲ್ದು" ಎಂದರು. "ಎಲ್ಡ್ ದಿನ ಬಿಟ್ಟು ಹೋಗ್ರಿ ಮೇಡಂ, ನೋಡಿ ಇಡ್ತೀನಿ."

ತಪ್ಪು ನನ್ನದೆಂದು ಗೊತ್ತಿದ್ದರೂ ‘ಬಿಟ್ಟು ಹೋಗ್ರಿ’ ಎಂಬ ಮಾತು ಕೇಳಿದ ಕೂಡಲೇ ಅಪ್ಪ ನನ್ನೊಳಗೆ ಎದ್ದು ಕೂತರು. "ಇಲ್ರಿ, ನಾ ಇಲ್ಲೇ ಕುಂದರ್ತೀನಿ. ಇವತ್ತ ಆಗಬೇಕು" ಎಂದೆ.

ಅವರು ಭೂತಗನ್ನಡಿ ಇಳಿಸಿಕೊಂಡು ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರು. "ಅಯ್ಯ, ಇದರ ಮ್ಯಾಲೆ ಯಾರೋ ಏನೋ ಬಳದಾರ್ರೀ! ಲಿಂಗಸುಗೂರಾಗ ತೋರಿಸಿದ್ದೆ ಅಂದ್ರೆಲ್ಲ, ಅವರ ಕೆಲಸನ ಇರಬೇಕು. ಎಂಥ ಮಂದಿ ನೋಡ್ರಿ."

"ಹೌದೇನ್ರಿ?" ಎಂದೆ ನಾನು. ಲಿಂಗಸುಗೂರಿನ ಆ ಬಡಪಾಯಿ ಸ್ಕ್ರೂ ಕೂಡ ಮುಟ್ಟಿರಲಿಲ್ಲ.

ಮೌಲಾಸಾಬರು ಇನ್ನಷ್ಟು ಬಾಗಿದರು. "ಬರೇ ಬಳದಿಲ್ರಿ, ಬರದಾರ. ‘ಸು’ ಅಂತ ಐತಿ." ಭೂತಗನ್ನಡಿ ನನ್ನತ್ತ ತಿರುಗಿತು, ಅದರ ಹಿಂದೆ ಅವರ ಕಣ್ಣು ಬೋಗುಣಿಯಷ್ಟಾಗಿತ್ತು. "ನಿಮ್ಮ ಹೆಸರೇನಂದ್ರಿ?"

"ಸುಜಾತಾ" ಎಂದು ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಹತ್ತು ಉಗುರುಗಳಲ್ಲಿ ಅದೊಂದೇ ಹೊಳೆಯುತ್ತಿತ್ತು. ಅವರು ಅದನ್ನೂ ನೋಡಿದರು. ಥಿನ್ನರ್ ಹಚ್ಚಿದ ಹತ್ತಿಯಿಂದ ನನ್ನ ಹೆಸರನ್ನು ಒರೆಸಿ ತೆಗೆದರು. ಬೈದಿದ್ದರೆ ಹಗುರಾಗುತ್ತಿತ್ತು.

ಈ ಸಲ ಬೆಸುಗೆ ಕೂತಿತು. ಡಬ್ಬಿಗೆ ಕರೆಂಟ್ ಕೊಟ್ಟ ಕೂಡಲೇ ಪರದೆಯ ಮೇಲೆ ಅಕ್ಷರಗಳ ಸಾಲುಗಳು ಉದುರತೊಡಗಿದವು. ಸತ್ತಿದೆ ಎಂದು ಎಲ್ಲರೂ ಕೈಬಿಟ್ಟದ್ದು ಹಾಗೆ ಗಡಿಬಿಡಿಯಲ್ಲಿ ಮಾತಾಡುವುದನ್ನು ಕಂಡು, ವಿಜ್ಞಾನ ಕಲಿಸುವ ನನ್ನ ಕಣ್ಣಲ್ಲೂ ನೀರು ಬಂತು. ಮೌಲಾಸಾಬರು ಸರಕ್ಕನೆ ಒಂದು ಕೀಲಿ ಒತ್ತಿ ಅದನ್ನು ನಡುವೆಯೇ ನಿಲ್ಲಿಸಿದರು. ತುಸು ತಡವಾದರೂ ಅದು ಕೆಟ್ಟುಹೋದ ದಾರಿಯಲ್ಲೇ ಮುಂದೆ ಹೋಗಿಬಿಡುತ್ತದಂತೆ. ಸಾಲುಗಳನ್ನು ಓದಿ ಹೇಳಿದರು: "ಹೊಸ ಸಾಫ್ಟ್‌ವೇರ್ ಅರ್ಧಕ್ಕ ನಿಂತೈತ್ರಿ. ಬರಕೊಳ್ಳಾಕತ್ತಾಗ ಕರೆಂಟ್ ಹೋಗೈತಿ."

"ಹೂಂರಿ, ಕರೆಂಟ್ ಹೋಗಿತ್ತು" ಎಂದೆ.

"ಹೋಗತೈತ್ರಿ ಮಸ್ಕಿದಾಗ" ಎಂದರು, ತಲೆ ಎತ್ತದೆ.

ನನ್ನ ಪಟ್ಟಿ ಉಳಿಯಬೇಕು, ಅದು ಬಹಳ ಮುಖ್ಯ ಎಂದು ಹೇಳಿಕೊಂಡೆ. ಸೆಟ್ಟಿಂಗ್ ಇಡುವ ಜಾಗವೇ ಬೇರೆ, ಅದನ್ನು ಮುಟ್ಟುವುದಿಲ್ಲ ಎಂದು ಒಂದು ಕೇಬಲ್ ಸಿಕ್ಕಿಸಿ ಲ್ಯಾಪ್‌ಟಾಪಿನಿಂದ ಸಾಫ್ಟ್‌ವೇರನ್ನು ಪೂರ್ತಿ ಕಳಿಸಿದರು. ಈ ಸಲ ನಾನು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದೆ. ಕೊನೆಗೆ ಹಸಿರು ದೀಪ ಹತ್ತಿತು. ವೈಫೈ ಬಂದಿದೆಯೇ ನೋಡೋಣ ಎಂದು ಮೌಲಾಸಾಬರು ತಮ್ಮ ಫೋನ್ ತೆರೆದರು. ಸೆಟ್ಟಿಂಗ್ ಎಲ್ಲ ನಿಜಕ್ಕೂ ಉಳಿದಿತ್ತು. ಅವರು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು: "ಕಳ್ಳರಿಗೆ... ನಾಚಿಕೆ... ಇಲ್ಲ." ಆಮೇಲೆ, "ಇದು ನಿಮ್ದನ ಏನ್ರಿ?"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಎಲ್ಲ ಹೇಳಿದೆ, ದೇವಮ್ಮ, ಮಿಷನ್ನು, ಆರೂವರೆ, ಆರು, ಹೆಸರು ಬದಲಿಸಿದ ಮಾರನೆಯ ದಿನದಿಂದ ಕಳ್ಳತನ ನಿಂತದ್ದು. ಅವರು ಹಳೆಯ ಪಟ್ಟಿಯನ್ನು ತೆರೆದು ಬಹಳ ಹೊತ್ತು ನೋಡಿದರು. "ಮೇಡಂ, ನಿಮ್ಮ ಮಾಳಿಗಿ ಮ್ಯಾಲೆ ಸೋಲಾರ್ ಐತೇನ್ರಿ?"

ಇತ್ತು. ಹೋದ ಬೇಸಿಗೆಯಲ್ಲಿ ಹಾಕಿಸಿದ್ದು.

"ಅದರ ಇನ್ವರ್ಟರ್ ಇದು, ಎಷ್ಟು ಕರೆಂಟ್ ಆತು ಅಂತ ವೈಫೈದಾಗ ಕಂಪನಿಗೆ ಲೆಕ್ಕ ಕಳಸತೈತಿ. ಗಿರಣಿಯಾಗ ದಿನಾ ನೋಡ್ತೀನಲ್ರಿ. ಹೊತ್ತು ಮೂಡಿದ್ರ ಏಳತೈತಿ, ಮುಣಗಿದ್ರ ಮಲಗತೈತಿ. ಮಾಡ ಹಾಕಿದ ದಿನ ತಡ ಆಗೇತಿ ನೋಡ್ರಿ ಇಲ್ಲಿ."

"ಮತ್ತ ಹೆಸರು ಬದ್ಲಿ ಮಾಡಿದ ಮ್ಯಾಲೆ ಯಾಕ ಬರಲಿಲ್ಲ?"

"ಹೆಂಗ ಬರಬೇಕ್ರಿ? ಅದಕ್ಕ ಹಳೇ ಹೆಸರ ಗೊತ್ತು. ಮೂರು ತಿಂಗಳಿಂದ ಮಾಳಿಗಿ ಮ್ಯಾಲೆ ಅದನ್ನ ಹುಡುಕ್ಯಾಡಕೋತ ಕುಂತಿರತೈತಿ, ಪಾಪ."

ಸೋಲಾರ್ ಹಾಕಲು ಬಂದವನು ವೈಫೈ ಪಾಸ್‌ವರ್ಡ್ ಕೇಳಿದ್ದ. ಅವನಿಗೆ ಹೇಳಿದರೆ ಊರಿಗೆಲ್ಲ ಹಂಚಿಯಾನು ಎಂದು ಅವನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ ನಾನೇ ಕೈಯಾರೆ ಒತ್ತಿದ್ದೆ. ಕಳ್ಳನನ್ನು ಒಳಗೆ ಕರೆದವಳು ನಾನೇ.

ಮಸ್ಕಿಗೆ ಬಂದು ಮನೆಯ ಬೀಗವನ್ನೂ ತೆಗೆಯದೆ ದೇವಮ್ಮನ ಬಾಗಿಲಿಗೆ ಹೋದೆ. ಇಳಿಹೊತ್ತಿನ ಬಿಸಿಲು ಮಿಷನ್ನಿನ ಮೇಲೆ ಬಿದ್ದಿತ್ತು. ನನ್ನನ್ನು ನೋಡಿ ಅವಳು ಚಕ್ರ ನಿಲ್ಲಿಸಿದಳು, ಬರ್ರಿ ಎನ್ನಲಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳನ್ನೆಲ್ಲ ಬಿಟ್ಟು ಹೊಸ್ತಿಲಲ್ಲೇ ನಿಂತು ಹೇಳಿದೆ.

"ದೇವಮ್ಮಾ, ತಪ್ಪಾತು. ಕಳ್ಳರು ಯಾರೂ ಇಲ್ಲ. ನಮ್ಮ ಮಾಳಿಗಿ ಮ್ಯಾಲಿನ ಸೋಲಾರ್ ಅದು. ಸುಮ್ಮನ ನಿನ್ನ ಮ್ಯಾಲೆ..."

"ಹೌದೇನ್ರಿ? ಚಲೋ ಆತು ಬಿಡ್ರಿ, ಸಿಕ್ಕಿತಲ್ಲ." ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನನಗ ಇಂಗ್ಲಿಷ್ ಓದಾಕ ಬರಂಗಿಲ್ರಿ ಟೀಚರ. ಬ್ಲೌಜ್ ಹಾಕ್ಕೊಂಡು ನೋಡಾಕ ಬಂದಾಕಿ ತನ್ನ ಫೋನಿನ್ಯಾಗ ಓದಿ ನಕ್ಕಳು. ಇದು ಯಾರಿಗೆ ಬರದಾರ ಅಂತ ನನ್ನ ಕೇಳಿದಳು. ಈ ಗ್ವಾಡಿಗೆ ಇರೋ ಮನಿ ನಂದೊಂದ. ಏನ ಹೇಳ್ಲಿ ಆಕಿಗೆ?"

ಅವಳು ಎದ್ದು ಒಳಗೆ ಹೋಗಿ ಸೂಜಿದಾರದ ಡಬ್ಬಿ ತಂದಳು. ತಳದಲ್ಲಿ ತಡಕಾಡಿ ಒಂದು ಕೀಲಿಕೈ ತೆಗೆದಳು.

"ನಿಮ್ಮವ್ವಾರು ಹಾಸಿಗಿ ಹಿಡದಾಗ ಕೊಟ್ಟಿದ್ರು. ನೀವು ಸಾಲಿಗೆ ಹೋದ ಮ್ಯಾಲೆ ಬಂದು ನೀರು ಕುಡಿಸಿ ಹೋಗು ಅಂತ. ಎಂಟು ವರ್ಷಾತು, ನೀವೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ನಿಮ್ಮ ಮನಿ ಬಾಗಲದ್ದು. ಕದೀಬೇಕಂದ್ರ ನಾ ವೈಫೈ ಯಾಕ ಕದೀಲ್ರಿ?"

"ನಿನ್ನ ಹತ್ರನ ಇರ್ಲಿ ದೇವಮ್ಮಾ" ಎಂದೆ. ಅತ್ತುಬಿಡುತ್ತೇನೆ ಅನಿಸಿತು. ಮನುಷ್ಯರನ್ನು ನಂಬುವುದಕ್ಕೆ ಇಷ್ಟು ವರ್ಷ ಯಾಕೆ ಹೆದರಿದೆ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

"ಬ್ಯಾಡ್ರಿ. ನಾಳೆ ಮತ್ತೇನರ ಕಾಣಲಿಲ್ಲ ಅಂದ್ರ?" ಎಂದು ಅದನ್ನು ನನ್ನ ಅಂಗೈಯಲ್ಲಿಟ್ಟಳು.

ಅವ್ವ ಮುಟ್ಟಿದ ಕೀಲಿಕೈ. ಕಣ್ಣು ಮಂಜಾಗಿತ್ತು. ಆದರೂ ನನ್ನ ಬೆರಳುಗಳು ತಾವಾಗಿಯೇ ಅದನ್ನು ಬಿಸಿಲಿಗೆ ಹಿಡಿದು ಹೊರಳಿಸಿದವು, ನಮ್ಮದೇ ಹೌದೋ ಇಲ್ಲ ನಕಲು ಮಾಡಿಸಿದ್ದೋ ಎಂದು. ತಲೆ ಎತ್ತಿದೆ. ದೇವಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು.